ಅತ್ತಿಗೆಯ ಕುರ್ಚಿ

ಆ ಅಂಗಡಿಯಲ್ಲಿ ಕೂರುವ ಭಾಗ್ಯ ಇದ್ದದ್ದು ಯಜಮಾನರಿಗೆ, ಕ್ಯಾಷಿಯರಿಗೆ ಮತ್ತು ಒಂದು ಗೊಂಬೆಗೆ ಮಾತ್ರ.

ಉಳಿದವರು ನಿಲ್ಲಬೇಕು. ಬಾಗಿಲು ತೆಗೆದಾಗಿನಿಂದ ಬಾಗಿಲು ಹಾಕುವವರೆಗೆ ನಿಲ್ಲಬೇಕು. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಗೋಡೆಗೆ ಒರಗುವಂತಿಲ್ಲ. ಕೌಂಟರಿಗೆ ಮೊಣಕೈ ಊರುವಂತಿಲ್ಲ. ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸಲು ಮಾತ್ರ ಅಡ್ಡಿಯಿರಲಿಲ್ಲ. ಅದನ್ನು ತಡೆಯುವ ಉಪಾಯ ಯಜಮಾನರಿಗೆ ಇನ್ನೂ ಹೊಳೆದಿರಲಿಲ್ಲ.

ಅದು ಹುಟ್ಟುವ ಮಕ್ಕಳ ಸಾಮಾನಿನ ಅಂಗಡಿ. ಭೂಮಿಗೆ ಬರುವ ಮಗುವಿಗೆ ಬೇಕಾದದ್ದು, ಬೇಡವಾದದ್ದು ಎರಡೂ ಅಲ್ಲಿ ಸಿಗುತ್ತಿದ್ದವು. ಅಲ್ಲಿ ದುಡಿಯುವ ಹೆಂಗಸರ ಹೆಸರು ಯಜಮಾನರಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ದರ್ದೂ ಇರಲಿಲ್ಲ. ಯಾರು ಯಾವ ಕೌಂಟರಿನಲ್ಲಿ ನಿಲ್ಲುತ್ತಾರೋ ಅದೇ ಅವರ ಹೆಸರು. ಹಾಲಿನ ಬಾಟಲಿ ಮಾರುವ ಹಿರಿಯ ಹೆಂಗಸು ಬಾಟಲಿ. ಕಾಲುಚೀಲ ಮಾರುವ ಹೊಸ ಹುಡುಗಿ ಕಾಲುಚೀಲ. ತೊಟ್ಟಿಲು ಮಾರುವವಳು ತೊಟ್ಟಿಲು. "ಏ ತೊಟ್ಟಿಲು, ಬಾ ಇಲ್ಲಿ" ಎಂದು ಯಜಮಾನರು ಕೂಗಿದಾಗ ಹೊಸ ಗಿರಾಕಿಗಳು ತೊಟ್ಟಿಲುಗಳ ಕಡೆ ತಿರುಗಿ, ಯಾವುದು ಎದ್ದು ನಡೆದು ಬರುತ್ತದೋ ಎಂದು ನೋಡುವುದಿತ್ತು.

ನಿಲ್ಲುವ ಈ ನಿಯಮ ಯಜಮಾನರ ತಂದೆಯ ಕಾಲದ್ದು. "ನಮ್ಮಪ್ಪ ಈ ಅಂಗಡೀಲಿ ಒಂದು ದಿನ ಕೂತವರಲ್ಲ. ನಿಂತೇ ಕಟ್ಟಿದ್ರು, ನಿಂತೇ ಬೆಳೆಸಿದ್ರು" ಎಂದು ಯಜಮಾನರು ಆಗಾಗ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದರು. ಹೇಳುವಾಗ ಗೋಡೆಯ ಮೇಲಿನ ಫೋಟೋಗೆ ಕೈ ತೋರಿಸುತ್ತಿದ್ದರು. ಫೋಟೋದಲ್ಲಿ ಆ ಹಿರಿಯರು ಕೆತ್ತನೆಯ ದೊಡ್ಡ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು.

"ಜನ್ಮದಲ್ಲಿ ಒಂದೇ ಒಂದು ಸಲ ಕೂತಿದ್ರೇನೋ ಪಾಪ" ಎಂದು ಬಾಟಲಿ ತುಟಿ ಅಲುಗಿಸದೆ ಹೇಳುತ್ತಿದ್ದಳು. "ಅವತ್ತೇ ಫೋಟೋದವನು ಬಂದ್ಬಿಟ್ಟ."

ಯಜಮಾನರ ಕೋಣೆ ಮೆಟ್ಟಿಲ ಮೇಲಿತ್ತು. ಮೂರು ಕಡೆ ಗಾಜು. ಒಳಗೆ ಸುತ್ತ ತಿರುಗುವ ಕುರ್ಚಿ, ಮೇಜಿನ ಮೇಲೊಂದು ಗಂಟೆ. ಕೆಳಗೆ ಯಾರದಾದರೂ ತಲೆ ಕೌಂಟರಿನ ಹಿಂದೆ ಮರೆಯಾಗಿ ತುಸು ಹೊತ್ತಾದರೆ ಗಂಟೆ ಬಾರಿಸುತ್ತಿತ್ತು. ಹೆಂಗಸರು ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದರು. ಪ್ರತಿ ಕೌಂಟರಿನ ಹಿಂದೆ ನೆಲಮಟ್ಟದಲ್ಲಿ ಒಂದು ಕಪಾಟು. ಕಾಲು ಸೋತಾಗ "ಕೆಳಗಿನ ಕಪಾಟು ನೋಡ್ತೀನಿ ಅಕ್ಕಾ" ಎಂದು ಕೂಗುವುದು, ಕುಕ್ಕರಗಾಲಲ್ಲಿ ಕೂತು ಡಬ್ಬಗಳನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸರಿಸುವುದು. ಗಂಟೆ ಬಾರಿಸಿದೊಡನೆ ಒಂದು ಡಬ್ಬ ಹಿಡಿದು ಮೇಲೇಳುವುದು. ಆ ಅಂಗಡಿಯ ಕೆಳಗಿನ ಕಪಾಟುಗಳಷ್ಟು ಒಪ್ಪವಾದ ಕಪಾಟುಗಳು ಎಲ್ಲೂ ಇರಲಿಕ್ಕಿಲ್ಲ.

ನಗುವ ಮಾತಲ್ಲದ್ದೂ ಒಂದಿದೆ. ಈಗಿನ ಕಾಲುಚೀಲಕ್ಕಿಂತ ಮುಂಚೆ ಅದೇ ಕೌಂಟರಿನಲ್ಲಿ ಇನ್ನೊಬ್ಬಳು ಕಾಲುಚೀಲ ಇದ್ದಳು. ಬಸುರಿ. ಒಂದು ಸಂಜೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಮೇಲಿನಿಂದ ಗಂಟೆ ಬಾರಿಸಿತು. ಅವಳು ಏಳಲಿಲ್ಲ. ಮತ್ತೆ ಬಾರಿಸಿತು. ಅವಳು ಕೌಂಟರು ಹಿಡಿದು ಎದ್ದಳು. ಎದ್ದಾಗ ಕೆಳಗೆ ರಕ್ತ. ಗಂಟೆ ನಿಂತಿತು, ಅವಳು ಎದ್ದಿದ್ದಳಲ್ಲ. ಮಗು ಉಳಿಯಲಿಲ್ಲ. ಅವಳು ತಿರುಗಿ ಬರಲಿಲ್ಲ. ನೆಲ ಒರೆಸಿದ್ದು ಬಾಟಲಿ. ಮಾರನೆಯ ವಾರ ಹೊಸ ಹುಡುಗಿ ಬಂದಳು, ಅವಳನ್ನೂ ಯಜಮಾನರು ಕಾಲುಚೀಲ ಎಂದೇ ಕರೆದರು. ಅವರ ಲೆಕ್ಕದಲ್ಲಿ ಏನೂ ಬದಲಾಗಿರಲಿಲ್ಲ.

ಈಗ ಬಸುರಿಯಾಗಿದ್ದವಳು ತೊಟ್ಟಿಲು. ಅವಳಿಗೆ ಇದು ಮೊದಲನೆಯದು.

ಹೊಟ್ಟೆ ಕಾಣುವಷ್ಟಾದಾಗ ಯಜಮಾನರು ಅವಳನ್ನು ಹಿಂದಿನ ಗೋದಾಮಿಗೆ ಹಾಕಬೇಕೆಂದಿದ್ದರು. "ಗಿರಾಕಿಗಳ ಮುಂದೆ ಹಿಂಗೆಲ್ಲ ಓಡಾಡಬಾರದು" ಎಂದರು. ಹುಟ್ಟುವ ಮಕ್ಕಳ ಅಂಗಡಿಯಲ್ಲಿ ಬಸುರಿ ಕಾಣಬಾರದು ಎನ್ನುವ ಬುದ್ಧಿ ಅವರೊಬ್ಬರದೇ. ಆದರೆ ಅಷ್ಟರಲ್ಲಿ ಅವರಿಗೆ ಇನ್ನೊಂದು ಕಂಡಿತು. ಬರುವ ಬಸುರಿ ಗಿರಾಕಿಗಳು ಬೇರೆ ಯಾರ ಮಾತನ್ನೂ ಕೇಳದೆ ಸೀದಾ ತೊಟ್ಟಿಲ ಹತ್ತಿರ ಹೋಗುತ್ತಿದ್ದರು. "ನೀವೂ ಇದನ್ನೇ ತಗೊಂಡ್ರಾ?" ಎಂದು ಕೇಳುತ್ತಿದ್ದರು. ಅವಳು "ಹೌದು ಮೇಡಂ, ನಮ್ಮನೇಲೂ ಇದೇ" ಎನ್ನುತ್ತಿದ್ದಳು. ಅವಳ ಮನೆಯಲ್ಲಿ ಆ ಅಂಗಡಿಯ ಒಂದು ಕಾಲುಚೀಲವೂ ಇರಲಿಲ್ಲ. ಆದರೂ ಮಾಲು ಹೋಗುತ್ತಿತ್ತು. ಯಜಮಾನರು ಅವಳನ್ನು ಗೋದಾಮಿಗೆ ಹಾಕಲಿಲ್ಲ, ಬಾಗಿಲಿನ ಹತ್ತಿರ ಗಾಜಿನ ಷೋಕೇಸಿನ ಪಕ್ಕ ತಂದು ನಿಲ್ಲಿಸಿದರು.

ಅಲ್ಲಿ ಮರೆಗೆ ಕೌಂಟರೂ ಇರಲಿಲ್ಲ, ಕೆಳಗಿನ ಕಪಾಟೂ ಇರಲಿಲ್ಲ. ಇದ್ದರೂ ಆ ಹೊಟ್ಟೆ ಹೊತ್ತು ಕುಕ್ಕರಗಾಲಲ್ಲಿ ಕೂರುವುದು ಅವಳ ಕೈಲಾಗುತ್ತಿರಲಿಲ್ಲ.

ಅದೇ ವಾರ ಅಂಗಡಿಗೆ ಒಂದು ಹೊಸ ಮಾದರಿಯ ಕುರ್ಚಿ ಬಂತು. ಹಾಲೂಡಿಸುವ ತಾಯಂದಿರಿಗೆಂದೇ ಮಾಡಿದ್ದು. ಮೆತ್ತನೆಯ ಬೆನ್ನು, ಮೆತ್ತನೆಯ ತೋಳು, ಹಿಂದೆ ಮುಂದೆ ತೂಗುತ್ತಿತ್ತು. ಕಾಲಿಡಲು ಬೇರೆಯೇ ಒಂದು ಮೆತ್ತನೆಯ ಮಣೆ. ಅದರ ಜೊತೆ ಒಂದು ಆಳೆತ್ತರದ ಗೊಂಬೆಯೂ ಬಂತು. ಹೊಟ್ಟೆಗೆ ದಿಂಬು ಕಟ್ಟಿದ್ದರು, ಮೇಲೊಂದು ದೊಗಲೆ ನೀಲಿ ಗೌನು, ಮೂಗಿನವರೆಗೆ ಇಳಿಯುವ ಅಗಲ ಟೋಪಿ. ಗೊಂಬೆಯನ್ನು ಷೋಕೇಸಿನಲ್ಲಿ ಕುರ್ಚಿಯ ಮೇಲೆ ಕೂರಿಸಿ, ಮಣೆಯ ಮೇಲೆ ಕಾಲಿಡಿಸಿ, ಮೇಲೆ ಒಂದು ಬೋರ್ಡು ತೂಗುಹಾಕಿದರು: "ತಾಯಿಗೆ ವಿಶ್ರಾಂತಿ, ಮಗುವಿಗೆ ಆರೋಗ್ಯ."

"ಬಂದ್ಲಪ್ಪ ನಮ್ಮ ಅತ್ತಿಗೆ" ಎಂದಳು ಬಾಟಲಿ. "ಒಂದು ಕಡ್ಡಿ ಎತ್ತಿಡೋ ಹಂಗಿಲ್ಲ. ಬಂದ ದಿನವೇ ಕಾಲು ಚಾಚಿ ಕೂತ್ಲು."

ಅಂದಿನಿಂದ ಗೊಂಬೆಯ ಹೆಸರು ಅತ್ತಿಗೆ. ಹೆಂಗಸರು ಬೆಳಿಗ್ಗೆ ಬಂದ ಕೂಡಲೇ "ಏನ್ ಅತ್ತಿಗೆ, ಸೊಂಟ ನೋವು ಹೆಂಗಿದೆ?" ಎಂದು ವಿಚಾರಿಸುತ್ತಿದ್ದರು. ತೊಟ್ಟಿಲು ಇಡೀ ದಿನ ಅತ್ತಿಗೆಯ ಪಕ್ಕ ನಿಂತು, ಬಸುರಿಯರು ಯಾಕೆ ಜಾಸ್ತಿ ಹೊತ್ತು ನಿಲ್ಲಬಾರದು ಎಂದು ಗಿರಾಕಿಗಳಿಗೆ ವಿವರಿಸುತ್ತಿದ್ದಳು. ಹೇಳುತ್ತಾ ಹೇಳುತ್ತಾ ಅವಳ ಪಾದ ಊದಿ ಚಪ್ಪಲಿಯಿಂದ ಆಚೆ ಬರುತ್ತಿತ್ತು.

ತಪಾಸಣೆಗೆ ಹೋದ ದಿನ ಆಸ್ಪತ್ರೆಯಲ್ಲಿ ನರ್ಸಮ್ಮ "ಕೂತ್ಕೋ" ಎಂದಾಗ ಅವಳು ಕೂರಲಿಲ್ಲ.

"ಕೂತ್ಕೋಮ್ಮ, ಸ್ಟೂಲ್ ಇದೆಯಲ್ಲ."

"ಪರವಾಗಿಲ್ಲ ಮೇಡಂ. ನಿಮಗೇನು ತೋರಿಸ್ಲಿ?"

ಮಾತು ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ನರ್ಸಮ್ಮ ಕನ್ನಡಕದ ಮೇಲಿನಿಂದ ನೋಡಿ, "ನನಗೆ ನಿನ್ನ ಕಾಲು ತೋರಿಸು" ಎಂದಳು.

ತೋರಿಸಿದಳು. ನರ್ಸಮ್ಮ ಹೆಬ್ಬೆರಳಿನಿಂದ ಪಾದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದಳು. ಮುಖ ಗಂಟಿಕ್ಕಿದಳು.

"ಎಲ್ಲಿ ಕೆಲಸ?"

"ಮಕ್ಕಳ ಸಾಮಾನಿನ ಅಂಗಡೀಲಿ. ನಿಂತು ಮಾಡೋದು."

"ಇನ್ನು ಮೇಲೆ ನಿಲ್ಲೋ ಹಂಗಿಲ್ಲ. ಮಧ್ಯೆ ಮಧ್ಯೆ ಕೂರಬೇಕು, ಕಾಲು ಎತ್ತರದಲ್ಲಿ ಇಟ್ಕೋಬೇಕು. ಹಿಂಗೇ ನಿಂತ್ರೆ ಮಗು ತಿಂಗಳು ತುಂಬೋ ಮುಂಚೆ ಬರುತ್ತೆ, ಇಲ್ಲಾ ಬರೋದೇ ಇಲ್ಲ. ಹೆದರಿಸ್ತಾ ಇಲ್ಲ, ಇದ್ದದ್ದು ಹೇಳ್ತಿದೀನಿ. ಹೆರಿಗೆಗೆ ಏನೇನು ಸಿದ್ಧ ಮಾಡ್ಕೊಂಡಿದೀಯ?"

"ಬಟ್ಟೆ ಒಗೆದಿಟ್ಟಿದೀವಿ. ಗೋಡೆಗೆ ಬಣ್ಣ ಹೊಡೆದಿದೀವಿ. ತೊಟ್ಟಿಲು ಮಾಡ್ತಾ ಇದಾರೆ."

"ತೊಟ್ಟಿಲು ಆಮೇಲಾದ್ರೂ ನಡೆಯುತ್ತೆ. ಮೊದಲು ಒಂದು ಸ್ಟೂಲ್ ಸಂಪಾದಿಸು."

ಹಳೆಯ ಕಾಲುಚೀಲ ಕೌಂಟರು ಹಿಡಿದು ಎದ್ದು ನಿಂತದ್ದು ತೊಟ್ಟಿಲಿನ ಕಣ್ಣ ಮುಂದೆ ಬಂತು. ಇಷ್ಟಾದರೂ ತೊಟ್ಟಿಲು ಆ ಸ್ಟೂಲಿನ ಪಕ್ಕ ನಿಂತೇ ಇದ್ದಳು.

ಮನೆಯಲ್ಲಿ ತಯಾರಿ ಜೋರಾಗಿ ನಡೆದಿತ್ತು. ಅವಳ ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಅವರಿವರ ಮನೆಗೆ ಹೊಡೆದು ಡಬ್ಬದ ತಳದಲ್ಲಿ ಉಳಿದ ಬಣ್ಣವನ್ನೆಲ್ಲ ತಂದು ಮಗು ಮಲಗುವ ಮೂಲೆಗೆ ಹೊಡೆದಿದ್ದ. ಒಂದು ಗೋಡೆಯಲ್ಲಿ ಡಾಕ್ಟರ ಮನೆಯ ಹಸಿರು, ಬ್ಯಾಂಕಿನ ಹಳದಿ, ಯಾರದೋ ಬಚ್ಚಲಿನ ನೀಲಿ. "ಮಗು ಕಣ್ಣು ಬಿಟ್ರೆ ಇಡೀ ಊರು ಕಾಣ್ಬೇಕು" ಎನ್ನುತ್ತಿದ್ದ. ಅತ್ತೆ ಹಳೆಯ ಹೊದಿಕೆಗಳನ್ನು ಕುದಿಸಿ ಒಗೆದು, ಕತ್ತರಿಸಿ, ಅಂಚು ಹೊಲಿದು, ಮಡಿಸಿಟ್ಟು, ಮನಸ್ಸು ತಡೆಯದೆ ಮತ್ತೆ ಕುದಿಸಿ ಒಗೆಯುತ್ತಿದ್ದಳು. ಬಟ್ಟೆಗಳು ತೆಳ್ಳಗಾಗುತ್ತಾ ಬಂದು, ಮಗು ಬರುವ ಹೊತ್ತಿಗೆ ಉಳಿಯುತ್ತವೋ ಇಲ್ಲವೋ ಎನ್ನುವಂತಾಗಿತ್ತು.

ಗಂಡ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಿಚ್ಚಿ ತೊಟ್ಟಿಲು ಮಾಡುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿ ತಪ್ಪು ಹುಡುಕುತ್ತಿದ್ದಳು.

"ಈ ಪಟ್ಟಿಗಳ ಸಂದಿ ಜಾಸ್ತಿಯಾಯ್ತು ರೀ. ಮಗು ಕಾಲು ಸಿಕ್ಕಿಹಾಕ್ಕೊಳ್ಳುತ್ತೆ. ಅಂಚು ಉಜ್ಜಿಲ್ಲ. ತಳಕ್ಕೆ ಗಾಳಿ ಆಡಲ್ಲ."

"ಬೇರೆ ಮಾದರಿ ಇದೆ ಮೇಡಂ" ಎಂದ ಗಂಡ, ಸುತ್ತಿಗೆ ಎತ್ತಿ. "ಆದ್ರೆ ಅದನ್ನ ಮಾಡೋಕೆ ನನಗೆ ಬರಲ್ಲ."

"ಇವನನ್ನ ನಾನು ಒಗೆಯೋ ಬಟ್ಟೆ ಬುಟ್ಟೀಲಿ ಮಲಗಿಸಿ ಬೆಳೆಸಿದೆ. ಏನಾಯ್ತು ಇವನಿಗೆ?" ಎಂದಳು ಅತ್ತೆ.

ಸೊಸೆ ಗಂಡನನ್ನು ಒಮ್ಮೆ ನೋಡಿದಳು. "ಅದನ್ನೇ ನೋಡ್ತಿದೀನಿ ಅತ್ತೆ" ಎಂದಳು.

ಮೂವರೂ ನಕ್ಕರು. ನಗು ಮುಗಿದಾಗ ಅತ್ತೆ ಅವಳ ಕಾಲು ಕಂಡಳು. "ಯಾಕೆ ನಿಂತೇ ಇದೀಯ? ಮನೇಲೂ ಗಂಟೆ ಬಾರಿಸ್ತಾರೇನೇ?" ಎಂದು ಗದರಿದಳು. ಆಗಲೇ ಅವಳಿಗೆ ಗೊತ್ತಾದದ್ದು, ಕೆಲಸದಿಂದ ಬಂದಾಗಿನಿಂದ ತಾನು ಇನ್ನೂ ಕೂತೇ ಇಲ್ಲ ಎಂದು. ಸಿಟ್ಟು ಬಂತು. ಕಾಲು ತನ್ನದು, ಅದಕ್ಕೆ ಅಪ್ಪಣೆ ಕೊಡುವವನು ಯಾವನೋ.

ಮಾರನೆಯ ದಿನ ಅವಳು ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ಹೋದಳು. ಯಜಮಾನರು ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ ಅವಳ ಕಡೆ ಮುಖ ಮಾಡಿದರು.

"ಒಂದು ಸ್ಟೂಲ್ ಬೇಕಿತ್ತು ಯಜಮಾನ್ರೇ. ಗಿರಾಕಿ ಇಲ್ಲದಾಗ ಕೂರೋಕೆ. ನರ್ಸಮ್ಮ ಹೇಳಿದಾರೆ, ಬಿ.ಪಿ. ಏರಿದೆಯಂತೆ."

"ನರ್ಸಮ್ಮ ಅಂಗಡಿ ನಡೆಸ್ತಾರಾ?"

"ಇಲ್ಲ."

"ನೋಡಮ್ಮ, ನೀನು ಕೂತರೆ ಗಿರಾಕಿಗೆ ಅಂಗಡಿಯೇ ಸುಸ್ತಾಗಿದೆ ಅನ್ನಿಸುತ್ತೆ. ನಿಂತಿರೋಳು ಕಂಡ್ರೆ ಅವರಿಗೂ ಹುರುಪು. ನಿನಗೊಂದು ಕೊಟ್ರೆ ನಾಳೆ ಬಾಟಲಿಗೆ ಬೇಕು, ನಾಡಿದ್ದು ಕಾಲುಚೀಲಕ್ಕೆ ಬೇಕು. ಇದೇನು ಅಂಗಡಿನಾ, ರೈಲ್ವೆ ಸ್ಟೇಷನ್ನಾ?"

"ಕಾಲು ಊದಿದೆ ಯಜಮಾನ್ರೇ."

"ಅಭ್ಯಾಸ ಆಗುತ್ತೆ. ಎಲ್ಲರಿಗೂ ಆಗುತ್ತೆ. ಆಗದೇ ಇದ್ರೆ ಮನೇಲಿ ಕೂರು. ಇಲ್ಲಿ ನಿಲ್ಲೋಕೆ ಎಷ್ಟೋ ಜನ ಸಾಲುಗಟ್ಟಿದಾರೆ."

ಕುರ್ಚಿ ತಿರುಗಿ ಬೆನ್ನು ತೋರಿಸಿತು. ಅವಳು ಇಳಿದು ಬಂದಳು. ಮನೆಯಲ್ಲಿ ಕೂತರೆ ಕೆಲಸ ಹೋಯಿತು, ಹೆರಿಗೆಯಾದ ಮೇಲೆ ತಿರುಗಿ ಬರುವ ಹಾಗಿಲ್ಲ. ನಿಂತರೆ ಮಗು ಹೋದೀತು. ಎರಡರ ನಡುವೆ ಒಂದು ಸ್ಟೂಲಿನಷ್ಟು ಜಾಗವನ್ನೂ ಆ ಮನುಷ್ಯ ಬಿಟ್ಟಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಅಂಗಡಿಯಲ್ಲಿ ರಿಯಾಯಿತಿ ಮಾರಾಟ ಶುರುವಾಯಿತು. ಜನವೋ ಜನ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಲಿನ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಕುಣಿಯತೊಡಗಿದವು. ಗಿರಾಕಿಗಳು ಊಟಕ್ಕೆ ಚದುರಿದಾಗ ಬಾಟಲಿ ಅವಳ ಮುಖ ನೋಡಿ ಓಡಿ ಬಂದಳು.

"ಬಿಳಿಚ್ಕೊಂಡಿದೀಯಲ್ಲೇ. ಕೂರು."

"ಎಲ್ಲಿ ಕೂರ್ಲಿ ಅಕ್ಕ? ಮೇಲಿಂದ ಕಾಣುತ್ತೆ."

ಬಾಟಲಿ ಮೇಲೆ ನೋಡಿದಳು. ಊಟ ಮುಗಿಸಿದ ಯಜಮಾನರು ಗಾಜಿಗೆ ತಲೆ ಆನಿಸಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಆಮೇಲೆ ಷೋಕೇಸಿನ ಕಡೆ ನೋಡಿದಳು. ಅತ್ತಿಗೆ ಕಾಲು ಚಾಚಿ ತಣ್ಣಗೆ ಕೂತಿದ್ದಳು. ಬಾಟಲಿಯ ಹೊಟ್ಟೆ ಉರಿಯಿತು.

"ಇವಳು ಎಷ್ಟು ದಿನ ಅಂತ ಕೂರ್ತಾಳೆ?" ಎಂದು ಸೀದಾ ಹೋಗಿ ಅತ್ತಿಗೆಯ ಕಂಕುಳಿಗೆ ಕೈ ಹಾಕಿದಳು. "ಏಳಿ ಅತ್ತಿಗೆ. ಸಾಕು ಕೂತಿದ್ದು. ಲೇ ಕಾಲುಚೀಲ, ಕಾಲು ಹಿಡ್ಕೊಳೇ."

ಇಬ್ಬರೂ ಅತ್ತಿಗೆಯ ಗೌನು, ಟೋಪಿ ಬಿಚ್ಚಿ ಅವಳನ್ನು ಗೋದಾಮಿಗೆ ಸಾಗಿಸಿದರು. ಅಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಲು ನೋಡಿದರೆ ಅತ್ತಿಗೆಗೆ ನಿಲ್ಲಲು ಬರಲೇ ಇಲ್ಲ. ಕೂರಲೆಂದೇ ಮಾಡಿದ ಮೈ, ಮಂಡಿ ಮಡಿಸಿಯೇ ಇತ್ತು. ಬಿಟ್ಟ ಕೂಡಲೇ ಮುಗ್ಗರಿಸಿ ಕಾಲುಚೀಲದ ಮೇಲೆ ಬಿದ್ದಳು. ಕೊನೆಗೆ ಡಬ್ಬಗಳ ಮೇಲೆ ಅಡ್ಡ ಮಲಗಿಸಿ ಬಂದರು.

ತೊಟ್ಟಿಲು ಸಮವಸ್ತ್ರದ ಮೇಲೆ ನೀಲಿ ಗೌನು ಇಳಿಬಿಟ್ಟುಕೊಂಡು, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕುರ್ಚಿಯಲ್ಲಿ ಕೂತಳು. ಕಾಲು ಮಣೆಯ ಮೇಲಿಟ್ಟಳು. ಕುರ್ಚಿ ಒಮ್ಮೆ ಹಿಂದಕ್ಕೆ ತೂಗಿ ನಿಂತಿತು. ಕಾಲಿನಿಂದ ಏನೋ ಇಳಿದು ಹೋದ ಹಾಗಾಯಿತು. ಅಳು ಬಂತು. ಇಷ್ಟು ದಿನ ತಾನು ಈ ಕುರ್ಚಿಯ ಬಗ್ಗೆ ಗಿರಾಕಿಗಳಿಗೆ ಹೇಳಿದ್ದೆಲ್ಲ ನಿಜವೇ ಎಂದು ಅವಳಿಗೆ ಆಗ ಗೊತ್ತಾಯಿತು. ಒಂದು ಗಳಿಗೆ ಕೂತು ಏಳುತ್ತೇನೆ ಎಂದುಕೊಂಡವಳಿಗೆ ಕಣ್ಣು ಹತ್ತಿಬಿಟ್ಟಿತು.

ಎಚ್ಚರವಾದದ್ದು ಯಜಮಾನರ ಧ್ವನಿ ಕಿವಿಯ ಹತ್ತಿರವೇ ಕೇಳಿದಾಗ.

"ಬನ್ನಿ ಮೇಡಂ, ಬನ್ನಿ. ಇದೇ ನೋಡಿ ಆ ಕುರ್ಚಿ."

ಟೋಪಿಯ ಅಂಚಿನ ಕೆಳಗಿನಿಂದ ಎರಡು ಜೊತೆ ಕಾಲು ಕಂಡವು. ಒಂದು ಯಜಮಾನರ ಬೂಟು. ಇನ್ನೊಂದು ತುಂಬು ಬಸುರಿ ಗಿರಾಕಿಯ ಚಪ್ಪಲಿ, ಆ ಕಾಲೂ ಊದಿತ್ತು. ಬಾಟಲಿ ದೂರದಿಂದ ಕೆಮ್ಮಿ ಕೆಮ್ಮಿ ಸೂಚನೆ ಕೊಡುತ್ತಿದ್ದಳು. ತೊಟ್ಟಿಲು ಉಸಿರು ಬಿಗಿಹಿಡಿದು ಗೊಂಬೆಯಾದಳು.

"ತೊಟ್ಟಿಲು ಎಲ್ಲಿ ಸತ್ಲು?" ಎಂದು ಯಜಮಾನರು ಸುತ್ತ ನೋಡಿ ಗೊಣಗಿದರು. ಮತ್ತೆ ಹಲ್ಲು ಬಿಟ್ಟು ಗಿರಾಕಿಯ ಕಡೆ ತಿರುಗಿದರು. "ಬಸುರಿ ಹೆಂಗಸರು ಜಾಸ್ತಿ ನಿಲ್ಲಲೇಬಾರದು ಮೇಡಂ. ನಾನು ಎಲ್ಲರಿಗೂ ಹೇಳೋದು ಅದೇ. ಮಗೂಗೆ ಅಪಾಯ. ಈ ಗೊಂಬೆ ನೋಡಿ, ಮುಖದಲ್ಲಿ ಎಷ್ಟು ನೆಮ್ಮದಿ."

ನೆಮ್ಮದಿಯ ಮುಖದಲ್ಲಿ ಬೆವರು ಇಳಿಯುತ್ತಿತ್ತು.

"ಗೊಂಬೆ ಎಷ್ಟು ಚೆನ್ನಾಗಿ ಮಾಡಿದಾರೆ!" ಎಂದಳು ಗಿರಾಕಿ. "ಕೈಯಲ್ಲಿ ಸುಟ್ಟ ಗಾಯ ಕೂಡ ಇದೆ."

"ಒಳ್ಳೆ ಕಂಪನಿ ಮಾಲು ಮೇಡಂ. ಯಾವುದನ್ನೂ ಬಿಟ್ಟಿಲ್ಲ."

"ಈ ಗೌನು ಹತ್ತಿಯದಾ?" ಎನ್ನುತ್ತಾ ಗಿರಾಕಿ ಬಟ್ಟೆ ಮುಟ್ಟಿ ನೋಡಲು ಹೊಟ್ಟೆಯ ಮೇಲೆ ಕೈಯಿಟ್ಟಳು.

ಒಳಗಿದ್ದ ಮಗು ಅಂಗಡಿಯ ನಿಯಮ ತಿಳಿಯದ್ದು. ಬಂದ ಕೈಗೆ ಸರಿಯಾಗಿ ಒದೆಯಿತು.

ಗಿರಾಕಿ ಕಿಟಾರನೆ ಕಿರುಚಿದಳು. "ಒದೀತು! ಗೊಂಬೆ ಒದೀತು!"

ಅಂಗಡಿಯ ಜನವೆಲ್ಲ ತಿರುಗಿ ನೋಡಿದರು. ಯಜಮಾನರು ಬೆಚ್ಚಿಬಿದ್ದರು. ಆದರೆ ವ್ಯಾಪಾರಿ ವ್ಯಾಪಾರಿಯೇ. ಕ್ಷಣದಲ್ಲಿ ಸಾವರಿಸಿಕೊಂಡರು.

"ಹೊಸ ಮಾದರಿ ಮೇಡಂ. ಒಳಗೆ ಬ್ಯಾಟರಿ ಇದೆ" ಎಂದು, ತೋರಿಸಲು ತಾವೂ ಕೈ ಚಾಚಿದರು.

"ಕೈ ತೆಗೀರಿ ಯಜಮಾನ್ರೇ" ಎಂದಿತು ಟೋಪಿ. "ಬ್ಯಾಟರಿ ಅಲ್ಲ, ನನ್ನ ಮಗು."

ಯಜಮಾನರು ಹಿಂದಕ್ಕೆ ಹಾರಿ ಬೋರ್ಡಿಗೆ ತಲೆ ಹೊಡೆಸಿಕೊಂಡರು. 'ತಾಯಿಗೆ ವಿಶ್ರಾಂತಿ' ಅತ್ತಿತ್ತ ತೂಗಾಡಿತು. ತೊಟ್ಟಿಲು ಟೋಪಿ ತೆಗೆದಳು.

"ಏಳು" ಎಂದರು ಯಜಮಾನರು. ಧ್ವನಿ ಕೀರಲಾಗಿತ್ತು.

ಅವಳ ಕಾಲು ಅಭ್ಯಾಸಬಲದಿಂದ ಮಣೆಯಿಂದ ಇಳಿಯಹೊರಟಿತು. ಅವಳು ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದಳು. ಕಾಲನ್ನು ಮತ್ತೆ ಮಣೆಯ ಮೇಲಿಟ್ಟಳು.

"ಏಳಲ್ಲ."

"ಏನಂದೆ?"

"ಏಳಲ್ಲ ಅಂದೆ. ಈಗ ನೀವೇ ಹೇಳಿದ್ರಲ್ಲ, ಬಸುರಿ ನಿಲ್ಲಬಾರದು, ಮಗೂಗೆ ಅಪಾಯ ಅಂತ."

"ಅದು ಗಿರಾಕಿಗೆ ಹೇಳಿದ್ದು!"

"ಗಿರಾಕಿ ಹೊಟ್ಟೇಲಿರೋದು ಮಗು, ನನ್ನ ಹೊಟ್ಟೇಲಿರೋದು ದಿಂಬಾ?"

ಯಾರೋ ನಕ್ಕರು. ಯಜಮಾನರ ಮುಖ ಕೆಂಪೇರಿತು. ಏನು ಮಾಡಬೇಕೆಂದು ತೋಚದೆ ಅವರು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ದಡದಡ ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ನುಗ್ಗಿ ಗಂಟೆ ಬಾರಿಸಿದರು.

ಆ ಸದ್ದಿಗೆ ಎಲ್ಲ ಹೆಂಗಸರ ಬೆನ್ನೂ ತಾನಾಗಿ ನೆಟ್ಟಗಾಯಿತು. ಗಂಟೆ ನಿಲ್ಲಲಿಲ್ಲ. ಮತ್ತೆ ಬಾರಿಸಿತು. ಮತ್ತೆ. ಬಾಟಲಿ ಕಾಲುಚೀಲದ ಕೌಂಟರಿನ ಮುಂದಿನ ನೆಲ ನೋಡಿದಳು. ತಾನೇ ಒರೆಸಿದ ನೆಲ. ಅವತ್ತೂ ಗಂಟೆ ಹೀಗೆಯೇ ಬಾರಿಸಿತ್ತು, ಅವತ್ತು ತಾನು ಡಬ್ಬ ಹಿಡಿದು ನೆಟ್ಟಗೆ ನಿಂತಿದ್ದಳು. ಅವಳ ಕಣ್ಣು ಕೆಂಡವಾಯಿತು. ಕೈಯಲ್ಲಿದ್ದ ಬಾಟಲಿಯನ್ನು ಪಕ್ಕಕ್ಕಿಟ್ಟು, ಅದೇ ಜಾಗಕ್ಕೆ ಹೋಗಿ, "ಅಮ್ಮಾ" ಎಂದು ನಡು ಹಿಡಿದು, ಎಲ್ಲರ ಎದುರೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಬಾರಿಸ್ಕೋ" ಎಂದಳು ಮೇಲೆ ನೋಡಿ. "ಕೈ ಸೋತ್ರೆ ನೀನೂ ಕೂತ್ಕೋ."

ಕಾಲುಚೀಲ ಅವಳ ಪಕ್ಕ ಕೂತಳು. ಟೋಪಿ ಮಾರುವವಳು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಸೋಪು ಮಾರುವವಳು ಮಾಲಿನ ಮೂಟೆಯ ಮೇಲೆ ಕೂತಳು. ಗಂಟೆ ಬಾರಿಸಿದಷ್ಟೂ ಕೂರುವವರು ಹೆಚ್ಚಾದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತೇ ಇರುತ್ತಿದ್ದ ಕ್ಯಾಷಿಯರು ಮಾತ್ರ ಏನು ಮಾಡುವುದೆಂದು ತಿಳಿಯದೆ, ಪಾಪ, ಎದ್ದು ನಿಂತುಬಿಟ್ಟ.

ಯಜಮಾನರು ಇಳಿದು ಬಂದರು. ಒಬ್ಬ ಗಿರಾಕಿ ಅವರನ್ನೇ ತಡೆದು, ಮೇಲಿನ ಕಪಾಟಿನ ಹೊದಿಕೆ ತೋರಿಸಲು ಹೇಳಿದ. ಇನ್ನೊಬ್ಬಳು ಬಾಟಲಿಯ ಮುಚ್ಚಳ ಕೇಳಿದಳು. ಅವರಿಗೆ ಯಾವುದು ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಕುರ್ಚಿಯ ಮುಂದೆ ಬಂದು ನಿಂತರು.

"ನಿನ್ನನ್ನ ಕೆಲಸದಿಂದ ತೆಗೆದಿದೀನಿ. ಈಗಲೇ ನಡಿ."

"ಯಾರನ್ನ?"

"ನಿನ್ನನ್ನ!"

"ಹೆಸರು ಹೇಳಿ ತೆಗೀರಿ ಯಜಮಾನ್ರೇ. ಇಷ್ಟು ವರ್ಷ ದುಡಿದಿದೀನಿ, ಕೊನೇ ಸಲವಾದ್ರೂ ಹೆಸರು ಹಿಡಿದು ಕರೀರಿ."

ಯಜಮಾನರು ಬಾಯಿ ತೆರೆದರು. ಹೆಸರು ಬರಲಿಲ್ಲ. ಬಾಟಲಿಯ ಕಡೆ ನೋಡಿದರು, ಕಾಲುಚೀಲದ ಕಡೆ ನೋಡಿದರು. ಯಾರೂ ಹೇಳಿಕೊಡಲಿಲ್ಲ. ಇಡೀ ಅಂಗಡಿ ಅವರ ಬಾಯಿಯನ್ನೇ ನೋಡುತ್ತಾ ಕಾಯಿತು. ಅವರು ಇಂಗು ತಿಂದ ಮಂಗನ ಹಾಗೆ ನಿಂತರು.

ಆ ಬಸುರಿ ಗಿರಾಕಿ ಇನ್ನೂ ಅಲ್ಲೇ ಇದ್ದಳು. "ಅಲ್ಲಾ, ಕುರ್ಚಿ ನಿಜವಾಗ್ಲೂ ಚೆನ್ನಾಗಿದೆಯಾ?" ಎಂದು ಮೆಲ್ಲಗೆ ಕೇಳಿದಳು.

"ಈಗ ಕೂತು ಹೇಳ್ತಿದೀನಿ ಮೇಡಂ" ಎಂದಳು ತೊಟ್ಟಿಲು. "ಇಷ್ಟು ದಿನ ಕೂತು ನೋಡದೇ ಹೇಳ್ತಿದ್ದೆ. ಕಾಲಿನ ಸೆಳೆತ ಇಳಿಯುತ್ತೆ. ಸೊಂಟಕ್ಕೆ ಯಾರೋ ಕೈ ಕೊಟ್ಟಂಗಿರುತ್ತೆ. ನಿದ್ದೆನೇ ಬಂದ್ಬಿಟ್ಟಿತ್ತು."

"ಹಂಗಾದ್ರೆ ಒಂದು ಮನೆಗೆ ಕಳಿಸಿ" ಎಂದಳು ಗಿರಾಕಿ. ಅಂಗಡಿಗೆ ಬಂದಾಗಿನಿಂದ ಆ ಮಾದರಿಯ ಕುರ್ಚಿ ಒಂದೂ ಮಾರಾಟವಾಗಿರಲಿಲ್ಲ. ಹಿಂದೆಯೇ ಇನ್ನೊಬ್ಬ ಗಿರಾಕಿಯೂ ವಿಚಾರಿಸಿದಳು. ಯಜಮಾನರ ಮುಖದಲ್ಲಿ ಸಿಟ್ಟೂ ಆಸೆಯೂ ಜಗ್ಗಾಡಿದವು. ಆಸೆ ಗೆದ್ದಿತು. ಅವರು ಬಾಗಿ ಪಿಸುಗುಟ್ಟಿದರು:

"ಸರಿ. ನೀನು ಕೂತಿರು. ಹೆರಿಗೆ ಆಗೋವರೆಗೆ ಇಲ್ಲೇ ಕೂತು ಮಾರು. ಅವರನ್ನೆಲ್ಲ ಎಬ್ಬಿಸು."

ಒಂದು ಕ್ಷಣ ಅವಳಿಗೆ ಹೂಂ ಎನ್ನಬೇಕೆನಿಸಿತು. ಅವಳಿಗೆ ಬೇಕಾದದ್ದು ಇದೇ ತಾನೇ? ಕಾಲು ಮಣೆಯ ಮೇಲೆ ಹಾಯಾಗಿತ್ತು. ಮಗು ಒಳಗೆ ಸುಮ್ಮನಿತ್ತು. ಆಗ ನೆಲದ ಮೇಲೆ ಕೂತಿದ್ದ ಕಾಲುಚೀಲ ಕಂಡಳು. ಇನ್ನೂ ಮದುವೆಯಾಗದ ಹುಡುಗಿ. ನಾಳೆ ಇವಳೂ ಬಸುರಿಯಾದಾಳು. ಗಂಟೆ ಅಲ್ಲೇ ಇರುತ್ತದೆ.

"ನಾನೊಬ್ಬಳೇ ಕೂತ್ರೆ ನಾನೂ ಅತ್ತಿಗೆನೇ" ಎಂದಳು ಗಟ್ಟಿಯಾಗಿ. "ಎಲ್ಲರಿಗೂ ಸ್ಟೂಲ್ ಬರ್ಲಿ. ಆ ಗಂಟೆ ಕೆಳಗೆ ಬರ್ಲಿ. ಅಲ್ಲೀವರೆಗೆ ಅವರೂ ಏಳಲ್ಲ, ನಾನೂ ಏಳಲ್ಲ. ನಾನಂತೂ ಇನ್ನು ಮೇಲೆ ನರ್ಸಮ್ಮ ಹೇಳಿದಂಗೇ ಕೇಳೋಳು."

ರಿಯಾಯಿತಿ ಮಾರಾಟದ ಮಧ್ಯಾಹ್ನ. ಬಾಗಿಲಲ್ಲಿ ಜನ ಸೇರುತ್ತಿದ್ದರು, ಗಾಜಿನಾಚೆಯಿಂದ ಇಣುಕಿ ನಗುತ್ತಿದ್ದರು. ಯಜಮಾನರು ಏಣಿ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಹೊದಿಕೆ ಕೇಳಿದವರಿಗೆ ಚಡ್ಡಿ ಕೊಟ್ಟರು. ಕೊನೆಗೆ ಕಾಲು ಸೋತು ಎಲ್ಲಾದರೂ ಒಂದಿಷ್ಟು ಕೂರೋಣವೆಂದು ಸುತ್ತ ನೋಡಿದರೆ, ಮೂಟೆಯ ಮೇಲೆ ಸೋಪು, ಏಣಿಯ ಬುಡದಲ್ಲಿ ಟೋಪಿ. ಗೋಡೆಯ ಮೇಲೆ ಅವರಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ನೋಡುತ್ತಿದ್ದರು.

ಸ್ಟೂಲುಗಳು ಸಂಜೆಯೊಳಗೆ ಬಂದವು. ಗಂಟೆಯನ್ನು ಕ್ಯಾಷಿಯರು ತಾನಾಗಿಯೇ ಇಳಿಸಿ ತಂದು ಗೋದಾಮಿನಲ್ಲಿಟ್ಟ.

ಮಾರನೆಯ ಬೆಳಿಗ್ಗೆ ಎಲ್ಲ ಕೌಂಟರಿನ ಹಿಂದೆಯೂ ಹೆಂಗಸರು ಕೂತಿದ್ದರು. ಗಿರಾಕಿ ಬಂದಾಗ ಎದ್ದು, ಹೋದ ಮೇಲೆ ಮತ್ತೆ ಕೂರುತ್ತಿದ್ದರು. ಷೋಕೇಸಿನಲ್ಲಿ ತೊಟ್ಟಿಲು ಕಾಲು ಮಣೆಯ ಮೇಲಿಟ್ಟುಕೊಂಡು, ಅತ್ತೆ ಕೊಟ್ಟಿದ್ದ ತೆಳ್ಳನೆಯ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ಯಜಮಾನರಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಬಾಗಿಲಲ್ಲಿ ಒಬ್ಬರಾದರೂ ನಿಂತು ಸ್ವಾಗತಿಸದಿದ್ದರೆ ಅಪ್ಪನ ಅಂಗಡಿಯ ಮಾನ ಉಳಿಯುವುದೇ? ಗೋದಾಮಿನಿಂದ ಅತ್ತಿಗೆಯನ್ನು ತಾವೇ ಹೊತ್ತು ತಂದು ಬಾಗಿಲಲ್ಲಿ ನಿಲ್ಲಿಸಿದರು. ಅತ್ತಿಗೆ ಮುಗ್ಗರಿಸಿ ಬಿದ್ದಳು. ಎತ್ತಿ ನಿಲ್ಲಿಸಿದರು. ಬಿದ್ದಳು. ಸೊಂಟಕ್ಕೆ ಕೈ ಕೊಟ್ಟು, ಮಂಡಿ ಒತ್ತಿ ಹಿಡಿದು ನಿಲ್ಲಿಸಿದರು. ಈ ಸಲ ಅವರನ್ನೂ ಕೆಡವಿಕೊಂಡು ಅವರ ಮೇಲೆಯೇ ಬಿದ್ದಳು.

ತೊಟ್ಟಿಲು ಹೊಲಿಗೆಯಿಂದ ತಲೆಯೆತ್ತಲಿಲ್ಲ. ಹಲ್ಲಿನಿಂದ ದಾರ ಕಡಿದಳು.

"ಬಿಡಬೇಡಿ ಯಜಮಾನ್ರೇ" ಎಂದಳು. "ಅಭ್ಯಾಸ ಆಗುತ್ತೆ."